ಮಾಟಗಾತಿಯ ಎರಡನೇ ಕಣ್ಣು

ಕಪ್ಪು ಉಲ್ಲನ್ ಎಂದರೆ ಹೆಣೆಯುವವರೆಲ್ಲ ಮುಖ ಸಿಂಡರಿಸುತ್ತಾರೆ. ಒಂದು ಕುಣಿಕೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವುದು ಕಪ್ಪಿನಲ್ಲಿ ಹರೆಯದ ಹುಡುಗಿಯ ಕಣ್ಣಿಗೂ ಕಾಣುವುದಿಲ್ಲ. ಅಜ್ಜಿಗೆ ಇದು ಬಹಳ ಅನುಕೂಲವಾದ ಸತ್ಯವಾಗಿತ್ತು. ಉಲ್ಲನ್ ಗೊಂಬೆ ಹೆಣೆದುಕೊಡು, ಕಪ್ಪು ಬೆಕ್ಕು ಬೇಕು, ಕಾಗೆ ಬೇಕು ಎಂದು ಯಾರಾದರೂ ಕೇಳಿಕೊಂಡು ಬಂದರೆ, “ಕಪ್ಪೊಂದು ಬೇಡಮ್ಮ, ತಲೆನೋವು ಬರತ್ತೆ” ಎಂದು ಸಾಗಹಾಕುತ್ತಿದ್ದಳು. ಬಿಳಿ ಮೊಲವೋ ಹಳದಿ ಬಾತುಕೋಳಿಯೋ ಆದರೆ ಆಗಬಹುದು. ಅಸಲು ಸಂಗತಿ ಏನೆಂದರೆ ಬಿಳಿ ಮೊಲವೂ ಅವಳಿಗೆ ಕಾಣುತ್ತಿರಲಿಲ್ಲ. ಬೆರಳುಗಳು ಹೆಣೆಯುತ್ತಿದ್ದವು, ಅವಳು ಅವುಗಳ ಜೊತೆಗೆ ಕೂತಿರುತ್ತಿದ್ದಳು ಅಷ್ಟೆ.

ಎರಡು ವರ್ಷದಿಂದ ಹೀಗೇ. ಎಲ್ಲಿ ನೆಟ್ಟಗೆ ನೋಡುತ್ತಾಳೋ ಅಲ್ಲೇ ಮಸಿ ಒರೆಸಿದ ಹಾಗೆ ಒಂದು ಕಲೆ. ಅಂಚಿನಲ್ಲಿರುವುದು ಕಾಣುತ್ತದೆ, ನಡುವಿನದು ಇಲ್ಲ. ಎದುರು ನಿಂತವರ ಕಿವಿ ಇದೆ, ಭುಜ ಇದೆ, ಮುಖ ಮಾತ್ರ ಇಲ್ಲ. ಮೊಮ್ಮಗಳ ಮುಖ ನೋಡಬೇಕು ಅನ್ನಿಸಿದಾಗ ಅಜ್ಜಿ ಪಕ್ಕದ ಗೋಡೆಯನ್ನು ನೋಡುತ್ತಿದ್ದಳು. ಆಗ ಓರೆಯಲ್ಲಿ ಆ ದುಂಡು ಕೆನ್ನೆ ಒಂದಿಷ್ಟು ಸಿಗುತ್ತಿತ್ತು.

ಮೊಮ್ಮಗಳಿಗೆ ಒಂದೂವರೆ ವರ್ಷ. ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುವ ಚಾಳಿ ಇದ್ದದ್ದರಿಂದ ಮನೆಯಲ್ಲಿ ಅವಳ ಹೆಸರು ಇಲಿಮರಿ. ಅಳಿಯ ಹಡಗಿನ ಕೆಲಸದವನು, ಹೋದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಮಗಳು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಬೆಳಿಗ್ಗೆ ಇಲಿಮರಿಯನ್ನು ಅಜ್ಜಿಯ ಮನೆಗೆ ತಂದು ಬಿಡುತ್ತಿದ್ದಳು, ಸಂಜೆ ಇಸ್ತ್ರಿಯ ಬಿಸಿ ವಾಸನೆ ಹೊತ್ತು ಬಂದು ಕರೆದೊಯ್ಯುತ್ತಿದ್ದಳು. ನಡುವಿನ ಹೊತ್ತೆಲ್ಲ ಅಜ್ಜಿಯದು. ಗಂಡ ಹೋದ ಮೇಲೆ ಬೆಳಿಗ್ಗೆ ಏಳುವುದಕ್ಕೆ ಅವಳಿಗೆ ಇದ್ದ ಕಾರಣ ಇದೊಂದೇ. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಆ ಮಗು ಬರುವುದು ನಿಂತರೆ ತಾನು ಕುರ್ಚಿಯ ಮೇಲೆ ಕೂತಲ್ಲೇ ಮುಗಿದುಹೋಗುತ್ತೇನೆ ಎಂದು ಅಜ್ಜಿಗೆ ಖಂಡಿತ ಗೊತ್ತಿತ್ತು.

ಹೋದ ತಿಂಗಳು ಒಂದು ಎಡವಟ್ಟಾಯಿತು. ಮಗಳು ಇನ್ನೂ ಬಾಗಿಲಲ್ಲೇ ನಿಂತಿದ್ದಾಗ ಅಜ್ಜಿ ಬಿಸಿ ಹಾಲನ್ನು ಬಾಟಲಿಗೆ ಸುರಿಯಲು ಹೋಗಿ ಬಾಟಲಿಯ ಪಕ್ಕಕ್ಕೆ ಸುರಿದಳು. ಹಾಲು ಕಟ್ಟೆಯಿಂದ ಇಳಿದು ಇಲಿಮರಿಯ ಪಾದದ ಹತ್ತಿರ ತೊಟ್ಟಿಕ್ಕಿತು.

“ಅಮ್ಮ, ನಿಜ ಹೇಳು. ಕಣ್ಣು ಕಾಣ್ಸತ್ತೋ ಇಲ್ವೋ?” ಮಗಳು ಕೇಳಿದಳು.

“ನಂಗೇನಾಗಿದೆ? ನಿನ್ನ ಜೊತೆ ಮಾತಾಡ್ತಾ ಕೈ ಜಾರ್ತು.”

“ಮಾತಾಡೋವಾಗ ನೀನು ನನ್ನ ಮುಖಾನೂ ನೋಡಲ್ಲ. ಗೋಡೆ ಹತ್ರ ಮಾತಾಡ್ತೀಯ.”

“ಗೋಡೆ ಎದುರುತ್ತರ ಕೊಡಲ್ಲ, ಅದಕ್ಕೆ.”

ಮಗಳು ನಗಲಿಲ್ಲ. ಇನ್ನೊಂದು ಸಲ ಹೀಗಾದರೆ ಮಗುವನ್ನು ಡೇಕೇರ್‌ಗೆ ಸೇರಿಸುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ ಮೆಟ್ಟಿಲಿಳಿದಳು. ಅವತ್ತಿನಿಂದ ಅಜ್ಜಿ ಹಾಲನ್ನು ಬಾಟಲಿಯೊಳಗೆ ಬೆರಳಿಟ್ಟುಕೊಂಡು ಸುರಿಯತೊಡಗಿದಳು. ಬೆರಳು ಸುಟ್ಟರೆ ಸುಡಲಿ.

ಹೀಗಿರುವಾಗ ಒಂದು ಸಂಜೆ ಮಗಳು ಒಂದು ಕೈಚೀಲ ತಂದು ಅಜ್ಜಿಯ ತೊಡೆಯ ಮೇಲಿಟ್ಟಳು. ಒಳಗೆ ಉಲ್ಲನ್ ಉಂಡೆಗಳು. ಹೋಟೆಲಿನಲ್ಲಿ ಹ್ಯಾಲೋವೀನ್ ಅಲಂಕಾರವಂತೆ. ಪ್ಲಾಸ್ಟಿಕ್ ಅಸ್ಥಿಪಂಜರ, ಬಲೆ, ಬಾವಲಿ ಎಲ್ಲ ಬಂದಿವೆಯಂತೆ. ಸ್ವಾಗತದ ಮೇಜಿನ ಮೇಲೆ ಕೂರಿಸಲು ಕೈಯಲ್ಲಿ ಹೆಣೆದ ಒಂದು ಮಾಟಗಾತಿ ಬೇಕು ಎಂದು ಮ್ಯಾನೇಜರ್ ಕೇಳಿದ್ದಾನೆ.

“ಅದಕ್ಕೆ ಅಮಿಗುರುಮಿ ಅಂತಾರಂತೆ. ನಮ್ಮಮ್ಮ ದಿನಾ ಮಾಡೋದು ಅದೇನೇ ಅಂದೆ. ಪೂರ್ತಿ ಕಪ್ಪು ಇರ್ಬೇಕಂತೆ, ಮುಖಾನೂ ಕಪ್ಪು. ಕಣ್ಣು ಮಾತ್ರ ಕೆಂಪು, ಕೂದಲು ಕಿತ್ತಳೆ. ಆಗತ್ತೆ ತಾನೇ?”

ಆ ‘ತಾನೇ’ಯನ್ನು ಅಜ್ಜಿ ಕೇಳಿಸಿಕೊಂಡಳು. ಮಗಳು ಸುಮ್ಮನೆ ಕೇಳಿದ್ದಿರಬಹುದು, ಪರೀಕ್ಷೆಗೆಂದೇ ಕೇಳಿದ್ದೂ ಇರಬಹುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿ ಹೋಟೆಲಿನಲ್ಲಿ ಕುಂಬಳಕಾಯಿಗೆ ಕಣ್ಣು ಕೊರೆಯುತ್ತಿದ್ದರೆ ಇಲ್ಲಿ ಅಜ್ಜಿ ಹೆಗಲು ಮುಟ್ಟಿ ನೋಡಿಕೊಂಡಳು.

“ಆಗದೇ ಏನು? ಕೊಡು,” ಎಂದಳು.

ಮೈ, ಕೈಕಾಲು, ಚೂಪು ಟೋಪಿ ಎಲ್ಲ ಸುಲಭವಾಗಿ ಮುಗಿದವು. ಹೆಬ್ಬೆರಳ ಉಗುರಿನಿಂದ ಕುಣಿಕೆ ಎಣಿಸುವುದು ಅವಳಿಗೆ ಅಭ್ಯಾಸವಾಗಿತ್ತು. ಕಷ್ಟವಿದ್ದದ್ದು ಕಣ್ಣಿನಲ್ಲಿ. ಗೊಂಬೆಯ ಕಣ್ಣೆಂದರೆ ಬಟಾಣಿ ಗಾತ್ರದ ಪ್ಲಾಸ್ಟಿಕ್ ಗುಂಡಿ, ಹಿಂದೆ ಮೊಳೆಯಂಥ ಕಾಲು. ತಲೆ ಇನ್ನೂ ಬಟ್ಟಲಿನಂತೆ ತೆರೆದಿರುವಾಗಲೇ ಆ ಕಾಲನ್ನು ಹೊರಗಿನಿಂದ ಚುಚ್ಚಿ, ಒಳಗಿನಿಂದ ಒಂದು ಬಿಲ್ಲೆ ಒತ್ತಬೇಕು. ಟಕ್ ಎಂದು ಕೂತರೆ ಮುಗಿಯಿತು, ಹಲ್ಲಿನಲ್ಲಿ ಕಿತ್ತರೂ ಬರುವುದಿಲ್ಲ. ಆಮೇಲೆ ಹತ್ತಿ ತುಂಬಿ ತಲೆ ಮುಚ್ಚುವುದು. ಮುಖ ಯಾವ ಕಡೆ ಎಂದು ತಿಳಿಯಲು ಅಜ್ಜಿ ಒಂದು ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಪಿನ್ನು ಇರುವುದು ತಲೆಯ ಹಿಂಭಾಗ. ಅಲ್ಲಿಂದ ಇಷ್ಟು ಕುಣಿಕೆ ಬಲಕ್ಕೆ ಎಣಿಸಿದರೆ ಒಂದು ಕಣ್ಣು, ಇಷ್ಟು ಎಡಕ್ಕೆ ಎಣಿಸಿದರೆ ಇನ್ನೊಂದು.

ಅವತ್ತು ಬೆಳಿಗ್ಗೆ ಡಬ್ಬಿಯ ಮುಚ್ಚಳದಲ್ಲಿ ಎರಡು ಕೆಂಪು ಕಣ್ಣು ಇಟ್ಟುಕೊಂಡು ಕೂತಳು. ಮೊದಲನೆಯದು ಟಕ್ ಎಂದು ಕೂತಿತು. ಅಷ್ಟರಲ್ಲಿ ಇಲಿಮರಿ ಸೋಫಾ ಹತ್ತಲು ಹೋಗಿ ಬಿದ್ದು ಚೀರಿದಳು. ಪಿನ್ನು ಎಲ್ಲಿ ಮಗುವಿಗೆ ಚುಚ್ಚೀತೋ ಎಂದು ಅಜ್ಜಿ ಅದನ್ನು ಕಿತ್ತು ತನ್ನ ನೈಟಿಯ ಕಾಲರಿಗೆ ಸಿಕ್ಕಿಸಿಕೊಂಡು ಓಡಿದಳು. ಎತ್ತಿ, ಮುದ್ದು ಮಾಡಿ, ಕೈಗೆ ಒಂದು ತಟ್ಟೆ ಮತ್ತು ಚಮಚ ಕೊಟ್ಟು ಕೂರಿಸಿ ವಾಪಸು ಬಂದು ಪಿನ್ನನ್ನು ಮತ್ತೆ ಗೊಂಬೆಯ ತಲೆಗೆ ಸಿಕ್ಕಿಸಿದಳು. ಕುಣಿಕೆ ಎಣಿಸಿದಳು. ಎರಡನೇ ಕಣ್ಣನ್ನೂ ಒತ್ತಿದಳು, ಟಕ್ ಎಂದಿತು. ಇಲಿಮರಿ ತಟ್ಟೆ ಬಡಿಯುತ್ತಿದ್ದಳು, ಮನೆಯೆಲ್ಲ ಗಲಾಟೆ.

ಹತ್ತಿ ತುಂಬಿ ತಲೆ ಮುಚ್ಚಿದ್ದಾಯಿತು. ಮಗು ಮಲಗಿದ್ದಾಗ ಕಿತ್ತಳೆ ಕೂದಲನ್ನು ನೆತ್ತಿಯ ಸುತ್ತ ಎಳೆ ಎಳೆಯಾಗಿ, ದಟ್ಟವಾಗಿ ಹೊಲಿದು ಹಿಂದಕ್ಕೆ ಇಳಿಬಿಟ್ಟು ಟೋಪಿ ಕೂರಿಸಿದ್ದೂ ಆಯಿತು. ಇಲಿಮರಿ ಎದ್ದು ನೆಲದ ಮೇಲೆ ಆಡತೊಡಗಿದಳು. ಇನ್ನು ಬಾಯಿಯೊಂದು ಹೊಲಿದರೆ ಮುಗಿಯಿತು ಎಂದು ಅಜ್ಜಿ ಗೊಂಬೆಯ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು.

ಒಂದೇ ಕಣ್ಣು ಸಿಕ್ಕಿತು.

ಇನ್ನೊಮ್ಮೆ ಸವರಿದಳು. ಮೂಗಿರಬೇಕಾದ ಕಡೆಯಿಂದ ಆಚೆಗೆ ಬರೀ ಉಲ್ಲನ್. ಡಬ್ಬಿಯ ಮುಚ್ಚಳ ತಡಕಿದಳು, ಖಾಲಿ. ತೊಡೆ ಕೊಡವಿದಳು, ಸೋಫಾದ ಸಂದಿಗೆ ಕೈ ಹಾಕಿದಳು. ಎರಡನೇ ಸಲ ಟಕ್ ಎಂದದ್ದು ಬಿಲ್ಲೆಯೋ ತಟ್ಟೆಯೋ? ಕೂತಿದೆ ಎಂದುಕೊಂಡಿದ್ದ ಕಣ್ಣು ಕೂತೇ ಇರಲಿಲ್ಲ. ಎಲ್ಲೋ ಬಿದ್ದಿದೆ. ಬೆಳಗಿನಿಂದ ನೆಲದ ಮೇಲಿದೆ. ಬೆಳಗಿನಿಂದ ನೆಲದ ಮೇಲೆ ಇಲಿಮರಿಯೂ ಇದ್ದಾಳೆ.

ಅಜ್ಜಿ ತಟ್ಟನೆ ಎದ್ದಳು. ಮಗುವನ್ನು ಬಾಚಿಕೊಂಡು ಬಾಯಿಗೆ ಬೆರಳು ಹಾಕಿ ನಾಲಿಗೆಯಡಿ, ಕೆನ್ನೆಯೊಳಗೆ, ಅಂಗುಳ ಎಲ್ಲ ಸವರಿದಳು. ಇಲಿಮರಿ ಕಚ್ಚಿದಳು. ಬಾಯಲ್ಲಿ ಜೊಲ್ಲು ಬಿಟ್ಟರೆ ಏನೂ ಇರಲಿಲ್ಲ. ಮಗುವನ್ನು ತೊಟ್ಟಿಲಿನಲ್ಲಿ ಇಳಿಸಿದಳು, ಅದು ಕಿರುಚಿಕೊಂಡಿತು. ಕಿರುಚಿದರೆ ಉಸಿರಾಡುತ್ತಿದೆ ಎಂದರ್ಥ, ಕಿರುಚಲಿ ಎಂದುಕೊಂಡು ಅಜ್ಜಿ ನೆಲಕ್ಕೆ ಮಂಡಿಯೂರಿದಳು.

ಕೋಣೆಯನ್ನು ಒಂದು ಮೂಲೆಯಿಂದ ಹಿಡಿದು ಅಂಗೈಯಿಂದ ಸವರುತ್ತ ಹೋದಳು. ಬಿಸ್ಕತ್ತಿನ ಚೂರು, ಹೇರ್‌ಪಿನ್ನು, ಬಣ್ಣದ ಸೀಮೆಸುಣ್ಣದ ತುಂಡು. ಸೋಫಾದ ಕೆಳಗೆ ಗೋಡೆಯ ಕಡೆ ಇಲಿಮರಿಯ ಒಂದು ಕಾಲುಚೀಲ. ಮೇಜಿನಡಿಯಲ್ಲಿ ದುಂಡಗೆ, ಗಟ್ಟಿಯಾಗಿ ಏನೋ ಸಿಕ್ಕಿತು. ಹಲ್ಲಿನಲ್ಲಿ ಕಚ್ಚಿ ನೋಡಿದಳು, ಒಣಗಿದ ಬಟಾಣಿ. ಅದನ್ನು ಉಗುಳಿ, ಸೋಫಾ ಎಳೆದಳು, ಕಪಾಟಿನ ಅಡಿಗೆ ಕೈ ತೂರಿಸಿದಳು.

ಫೋನು ಮೇಜಿನ ಮೇಲಿತ್ತು. ಒಂದನೇ ಗುಂಡಿ ಒತ್ತಿ ಹಿಡಿದರೆ ಮಗಳಿಗೆ ಹೋಗುತ್ತದೆ. ಅಜ್ಜಿ ಅದನ್ನು ಎತ್ತಿಕೊಂಡಳು, ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟಳು, ತೆಗೆದಳು. ಒತ್ತಿದರೆ ಮಗಳು ಬರುತ್ತಾಳೆ. ಬಂದು ಕೇಳುವ ಮೊದಲ ಪ್ರಶ್ನೆಯೇ, ನಿನ್ನ ಕಾಲಡಿ ಬಿದ್ದದ್ದು ನಿನಗೆ ಹೇಗೆ ಕಾಣಲಿಲ್ಲ ಎಂದು. ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಕೋಣೆ ಸವರಿದರೆ ಸಿಕ್ಕಬಹುದು. ಸಿಕ್ಕಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಮತ್ತೆ ಮೊದಲ ಮೂಲೆಗೆ ಹೋದಳು.

ಸೋಫಾ ಎಳೆದ ಸದ್ದಿಗೆ ಕೆಳಗಿನ ಅಂಗಡಿಯ ಟೈಲರಮ್ಮ ಮೇಲೆ ಬಂದಳು. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಯಾವಾಗಲೂ ಒಂದು ಕುಚೋದ್ಯ.

“ಏನಕ್ಕಾ, ಮೇಲೆ ಕುಸ್ತಿ ನಡೀತಿದ್ಯಾ? ನನ್ನ ತಲೆ ಮೇಲೆ ಸುಣ್ಣ ಉದುರ್ತಿದೆ.”

ಅಜ್ಜಿ ನೆಲದ ಮೇಲಿನಿಂದಲೇ ಹೇಳಿದಳು: “ಸೂಜಿ ಬಿದ್ದೋಯ್ತು. ಮಗು ಓಡಾಡತ್ತೆ ನೋಡಿ.”

ಈ ಮಾತು ಬಾಯಿಂದ ಹೇಗೆ ಬಂತೋ. ಬಟಾಣಿ ಗಾತ್ರದ ಕೆಂಪು ಕಣ್ಣು ಬಿದ್ದಿದೆ ಎಂದರೆ, ಅಷ್ಟು ದೊಡ್ಡದು ನಿಮಗೆ ಕಾಣಲ್ವಾ ಎಂದು ಟೈಲರಮ್ಮ ಕೇಳುತ್ತಾಳೆ. ಸೂಜಿಯಾದರೆ ಯಾರಿಗೂ ಕಾಣುವುದಿಲ್ಲ.

“ಅಯ್ಯೋ, ಅಷ್ಟೇನಾ? ತಡೀರಿ,” ಎಂದು ಟೈಲರಮ್ಮ ಕೆಳಗಿಳಿದು ತನ್ನ ದೊಡ್ಡ ಆಯಸ್ಕಾಂತ ತಂದಳು. ಕೋಣೆಯ ಉದ್ದಗಲಕ್ಕೂ ಅದನ್ನು ಎಳೆದಾಡಿ ಎರಡು ಗುಂಡುಪಿನ್ನು, ಒಂದು ತುಕ್ಕು ಮೊಳೆ ಹಿಡಿದಳು. ಪ್ಲಾಸ್ಟಿಕ್ಕಿಗೂ ಆಯಸ್ಕಾಂತಕ್ಕೂ ಏನು ಸಂಬಂಧ? ಆ ಹೆಂಗಸಿನ ಹದ್ದಿನಂಥ ಎರಡು ಕಣ್ಣು ಅದೇ ನೆಲದ ಮೇಲೆ ಹರಿದಾಡುತ್ತಿದ್ದವು, ಹುಡುಕುತ್ತಿದ್ದದ್ದು ಇಲ್ಲದ ಸೂಜಿಯನ್ನು. ಕೇಳಿಬಿಡು, ಈಗಲೇ ಕೇಳಿಬಿಡು ಎಂದು ಅಜ್ಜಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳು ಕೇಳಲಿಲ್ಲ.

“ಸೂಜಿ ನಿಮ್ಮ ಬಟ್ಟೆಗೇ ಅಂಟ್ಕೊಂಡಿರತ್ತೆ, ನೋಡ್ಕೊಳಿ. ಮಗು ಯಾಕೋ ಬಹಳ ಅಳ್ತಿದೆಯಲ್ಲ, ಅಕ್ಕ.”

“ಹಲ್ಲು ಬರ್ತಿದೆ.”

ಟೈಲರಮ್ಮ ಹೋದಳು. ಹೊರಗೆ ಶಾಲೆಯ ಗಂಟೆ ಹೊಡೆಯಿತು. ಮಕ್ಕಳ ಗುಂಪು ಬೀದಿಯುದ್ದ ಕೂಗಾಡುತ್ತ ಹೋಯಿತು, ಆಮೇಲೆ ಬೀದಿ ತಣ್ಣಗಾಯಿತು. ಅಜ್ಜಿ ಮೂರನೇ ಸಲ ಕೋಣೆ ಸವರುತ್ತಿದ್ದಳು. ಅಂಗೈ ಉರಿಯುತ್ತಿತ್ತು. ತನಗೇ ಕೇಳುವಂತೆ, ಸಿಕ್ಕು, ಸಿಕ್ಕು, ಸಿಕ್ಕು ಎಂದು ಗೊಣಗುತ್ತಿದ್ದಳು.

ಇಲಿಮರಿಯ ಅಳು ನಿಂತಿತು. ಅಳುವಾಗ ಇಲ್ಲದ ಹೆದರಿಕೆ ಅಳು ನಿಂತಾಗ ಹಿಡಿಯಿತು. ಅಜ್ಜಿ ಓಡಿಹೋಗಿ ಎತ್ತಿಕೊಂಡಳು, ಬಾಟಲಿಯನ್ನು ಬಾಯಿಗಿಟ್ಟಳು. ಮಗು ಬಾಟಲಿ ತಳ್ಳಿತು. ಇನ್ನೊಮ್ಮೆ ಇಟ್ಟಳು, ಹಾಲು ಎರಡು ಗುಟುಕು ಹೋಗಿ ಕೆಮ್ಮಿನ ಜೊತೆ ಹೊರಗೆ ಬಂತು. ಯಾವತ್ತೂ ಹಾಲು ಬೇಡವೆಂದ ಮಗುವಲ್ಲ ಅದು. ಅಜ್ಜಿ ಗೋಡೆಯ ಕಡೆ ತಿರುಗಿದಳು, ಮೊಮ್ಮಗಳ ಮುಖ ಓರೆಯಲ್ಲಿ ಸಿಗಲೆಂದು. ತುಟಿ ನೀಲಿಯಾಗಿದೆಯೋ ಕೆಂಪಗಿದೆಯೋ ಅವಳಿಗೆ ತಿಳಿಯಲಿಲ್ಲ. ಎಷ್ಟು ತಿರುಗಿದರೂ, ಎಷ್ಟು ಬೆಳಕಿಗೆ ಹಿಡಿದರೂ ತಿಳಿಯಲಿಲ್ಲ.

ಆಗ ಜೇಬಿನಿಂದ ಫೋನು ತೆಗೆದು ಗುಂಡಿ ಒತ್ತಿದಳು.

“ಮಗಳೇ, ಗೊಂಬೆಗೆ ಹಾಕೋ ಕಣ್ಣು ಒಂದು ಸಿಗ್ತಿಲ್ಲ. ಮಗು ನುಂಗಿರ್ಬೋದು. ಹಾಲು ಕುಡೀತಿಲ್ಲ. ತುಟಿ ಯಾವ ಬಣ್ಣ ಇದೆ ಅಂತ ನಂಗೆ ಗೊತ್ತಾಗ್ತಿಲ್ಲ. ನಂಗೆ ಕಣ್ಣು ಕಾಣ್ಸಲ್ಲ ಕಣೇ. ಎರಡು ವರ್ಷ ಆಯ್ತು. ಬೇಗ ಬಾ.”

ಮಗಳು ಹೋಟೆಲಿನ ವ್ಯಾನಿನಲ್ಲೇ ಬಂದಳು, ಮೈಮೇಲೆ ಲಾಂಡ್ರಿಯ ಏಪ್ರನ್ ಹಾಗೇ ಇತ್ತು. ಮಗುವನ್ನು ಕಿತ್ತುಕೊಂಡು ಕಿಟಕಿಗೆ ಹೋದಳು. ಬಾಯಿ ತೆರೆಸಿ ನೋಡಿದಳು, ಎದೆಗೆ ಕಿವಿ ಇಟ್ಟಳು, ಬೆನ್ನು ತಟ್ಟಿದಳು. ಇಲಿಮರಿ ಅಮ್ಮನ ಜಡೆ ಹಿಡಿದು ಎಳೆದು ಕಿಲಕಿಲ ನಕ್ಕಳು.

“ಉಸಿರು ಸರಿಯಾಗಿದೆ. ಹಿಂದೆ ವಸಡು ಊದಿದೆ, ಹಲ್ಲು ಬರ್ತಿದೆ ಅಷ್ಟೆ,” ಎಂದಳು ಮಗಳು. “ಆದ್ರೂ ನುಂಗಿದ್ರೆ ಆಸ್ಪತ್ರೆಗೆ ಹೋಗ್ಬೇಕು. ಎಷ್ಟು ದೊಡ್ಡದು ಅದು? ಇನ್ನೊಂದು ಕಣ್ಣು ತೋರ್ಸು.”

ಅಜ್ಜಿ ಗೊಂಬೆಯನ್ನು ಚಾಚಿದಳು. ಮಗಳು ಅದರ ತಲೆ ಹಿಡಿದು ಕಣ್ಣನ್ನು ನೋಡಿದಳು. ಹಿಡಿದ ಬೆರಳಿಗೆ ಕೂದಲಿನ ಹಿಂದೆ ಏನೋ ತಾಕಿತು. ಕಿತ್ತಳೆ ಎಳೆಗಳನ್ನು ಸರಿಸಿದಳು.

“ಅಮ್ಮ,” ಎಂದಳು. “ಇಲ್ಲಿದೆ.”

ಅಜ್ಜಿಯ ಬೆರಳನ್ನು ತಾನೇ ಹಿಡಿದು ಗೊಂಬೆಯ ಬುರುಡೆಯ ಹಿಂದಕ್ಕೆ ಒಯ್ದಳು. ನುಣ್ಣಗೆ, ದುಂಡಗೆ, ಗಟ್ಟಿಯಾಗಿ ಕೂತಿತ್ತು ಎರಡನೇ ಕಣ್ಣು. ಟಕ್ ಎಂದದ್ದು ಬಿಲ್ಲೆಯೇ. ಕಿತ್ತು ಮತ್ತೆ ಸಿಕ್ಕಿಸಿದ ಪಿನ್ನು ಮುಖದ ಕಡೆ ಕೂತಿತ್ತು, ಅಲ್ಲಿಂದ ಎಣಿಸಿದ್ದರಿಂದ ಕಣ್ಣು ತಲೆಯ ಹಿಂದೆ ಹೋಗಿ ಕೂತಿತ್ತು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದು ಗಾದೆ ಮಾಡಿದವರು ಇವಳನ್ನು ನೋಡಿದ್ದರೆ ಗಾದೆಯನ್ನೇ ಇವಳ ಹೆಸರಿಗೆ ಬರೆದುಕೊಡುತ್ತಿದ್ದರು.

ಅಜ್ಜಿ ಕುಸಿದು ಕೂತು ಅತ್ತಳು. ಮಗಳು ನಗುತ್ತಲೇ ಅತ್ತಳು, ಪಕ್ಕಕ್ಕೆ ಬಂದು ಕೂತು ತಾಯಿಯ ಹೆಗಲ ಮೇಲೆ ಕೈ ಹಾಕಿದಳು. ಇಲಿಮರಿ ಗೊಂಬೆಯ ಟೋಪಿ ಕಚ್ಚತೊಡಗಿದಳು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲಮ್ಮ?”

“ಹೇಳಿದ್ರೆ ಇವಳನ್ನ ಕರ್ಕೊಂಡು ಹೋಗ್ತಿದ್ದೆ.”

ಮಗಳು ಗೊಂಬೆಯ ಟೋಪಿಯನ್ನು ಮಗುವಿನ ಬಾಯಿಂದ ಬಿಡಿಸಿದಳು. “ಡಾಕ್ಟರ್ ಹತ್ರ ಹೋಗೋಣ. ಆಗೋದಾದ್ರೆ ಸರಿ ಮಾಡ್ತಾರೆ. ಟೈಲರಮ್ಮನಿಗೆ ಹೇಳೋಣ, ಆಗಾಗ ಮೇಲೆ ಬಂದು ನೋಡ್ಕೊಂಡು ಹೋಗ್ಲಿ. ಹಾಲು ನಾನೇ ಆರ್ಸಿ ಇಟ್ಟು ಹೋಗ್ತೀನಿ. ಇವಳು ಇಲ್ಲೇ ಇರ್ಲಿ.”

ಅಜ್ಜಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. “ಇಲ್ಲೇನಾ?”

“ಕಣ್ಣು ಕಾಣ್ದೇ ಇದ್ರೆ ಏನಾಯ್ತು? ನಂಗೆ ಭಯ ಇದ್ದಿದ್ದು ನೀನು ಮುಚ್ಚಿಡ್ತೀಯ ಅಂತ. ಇವತ್ತು ಮುಚ್ಚಿಡ್ಲಿಲ್ಲ. ಗೊತ್ತಾದ ತಕ್ಷಣ ಫೋನ್ ಮಾಡಿದ್ಯಲ್ಲ, ನಂಗಷ್ಟು ಸಾಕು.”

ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಬೇಕಾಗಿದ್ದೆಲ್ಲ ಕೇಳದೆಯೇ ಮಡಿಲಿಗೆ ಬಂದು ಬಿದ್ದಿತ್ತು, ಸುಮ್ಮನೆ ಒಂದು ಹೂಂ ಅಂದರೆ ಸಾಕಿತ್ತು. ಅಜ್ಜಿ ಹೂಂ ಅನ್ನಲು ಬಾಯಿ ತೆರೆದಳು. ನಾಳೆ ಇನ್ನೇನೋ ಬೀಳುತ್ತದೆ, ಗುಂಡಿಯೋ ಮಣಿಯೋ. ಆಗಲೂ ಹೆಬ್ಬೆರಳು ಫೋನಿನ ಮೇಲೆ ಕೂತು ವಾಪಸು ಬರುತ್ತದೆ. ಮಗು ಇನ್ನೂ ತನ್ನ ಹತ್ತಿರ ಇರಲಿ ಎಂಬ ಆಸೆಗೆ ಅದು ವಾಪಸು ಬಂದೇ ಬರುತ್ತದೆ. ತನ್ನ ಬೆರಳು ತನಗೆ ಗೊತ್ತಿಲ್ಲವೇ.

“ತಕ್ಷಣ ಮಾಡ್ಲಿಲ್ಲ,” ಎಂದಳು.

“ಏನು?”

“ಸ್ಕೂಲ್ ಗಂಟೆ ಹೊಡೆಯೋಕೆ ಎಷ್ಟೋ ಮುಂಚೆನೇ ಗೊತ್ತಾಗಿತ್ತು. ಫೋನ್ ಎತ್ಕೊಂಡು, ಒತ್ತದೇ ಜೇಬಿಗೆ ಹಾಕ್ಕೊಂಡೆ. ಟೈಲರಮ್ಮ ಬಂದ್ಳು, ಅವಳಿಗೆ ಸೂಜಿ ಬಿದ್ದಿದೆ ಅಂದೆ. ಮಕ್ಕಳೆಲ್ಲ ಮನೆಗೆ ಹೋದ್ರು. ಆಮೇಲೂ ಹುಡುಕ್ತಾ ಇದ್ದೆ. ನೀನು ಇವಳನ್ನ ಕರ್ಕೊಂಡು ಹೋಗ್ತೀಯ ಅಂತ.”

ಹೆಗಲ ಮೇಲಿನ ಕೈ ಅಲ್ಲೇ ಇತ್ತು, ಆಮೇಲೆ ಇರಲಿಲ್ಲ.

“ಅಷ್ಟೊತ್ತೂ ಅದು ಅವಳ ಗಂಟಲಲ್ಲಿ ಇದ್ದಿದ್ರೆ?” ಮಗಳು ಮೆಲ್ಲಗೆ ಕೇಳಿದಳು.

“ಅದಕ್ಕೇ ಹೇಳ್ದೆ ಕಣೇ.”

ಮಗಳು ಎದ್ದಳು. ಕೂಗಾಡಲಿಲ್ಲ, ಕೂಗಾಡಿದ್ದರೆ ಅಜ್ಜಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ದಿನವೂ ತರುವ ಚೀಲ ತುಂಬಿದಳು. ಇವತ್ತು ಅದು ಸಾಲಲಿಲ್ಲ. ಕಪಾಟಿನಿಂದ ಇನ್ನೊಂದು ಚೀಲ ತೆಗೆದು, ಈ ಮನೆಯಲ್ಲೇ ಇರುತ್ತಿದ್ದ ಪುಟ್ಟ ಹೊದಿಕೆ, ಬಿಬ್, ಬಾಟಲಿ, ಮೊಲದ ಚಿತ್ರದ ಲೋಟ ಎಲ್ಲವನ್ನೂ ಒಂದೊಂದಾಗಿ ಹಾಕಿಕೊಂಡಳು. ಒಂದೊಂದು ಒಳಗೆ ಬಿದ್ದ ಸದ್ದಿಗೆ ಅದು ಏನೆಂದು ಅಜ್ಜಿಗೆ ತಿಳಿಯುತ್ತಿತ್ತು. ಗೊಂಬೆಯನ್ನು ಮಾತ್ರ ಮಗಳು ಸೋಫಾದ ಮೇಲೆ ಬಿಟ್ಟಳು.

ಬಾಗಿಲ ಹತ್ತಿರ ಹೋಗಿ ಮಗುವಿಗೆ ಕಾಲುಚೀಲ ಹಾಕಲು ಕೂತಳು. ಒಂದು ಹಾಕಿದಳು. ಇನ್ನೊಂದಕ್ಕಾಗಿ ಸುತ್ತಮುತ್ತ ನೋಡಿದಳು, ತುಂಬಿದ ಚೀಲವನ್ನು ಕೆದಕಿದಳು, ಮೇಜಿನ ಮೇಲೆ ನೋಡಿದಳು.

“ಸೋಫಾದ ಕೆಳಗೆ,” ಎಂದಳು ಅಜ್ಜಿ. “ಗೋಡೆ ಕಡೆ ಇದೆ.”

ಮಗಳು ಬಗ್ಗಿ ಕೈ ಹಾಕಿದಳು. ಕಾಲುಚೀಲ ಅಲ್ಲೇ ಇತ್ತು.